ಊರಿಗೆ ಹೋಗಬಹುದು, ವಾಪಸು ಬರಬಹುದೇ?

ಕೊರೊನಾ ಕಾಲದಲ್ಲಿ ಗಲ್ಫ್‌ನಿಂದ ಊರಿಗೆ ಬಂದವರ ಕಷ್ಟ ಎಂದರೆ ನಮಗೆ ಮೊದಲು ನೆನಪಾಗುವುದು 2020ರ ಮೇ ತಿಂಗಳು. ಮಾರ್ಚ್ ಕೊನೆಯ ವಾರದಲ್ಲೇ ಭಾರತ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತ್ತು. ಮೇ 7ರಂದು ವಂದೇ ಭಾರತ್ ಹೆಸರಿನಲ್ಲಿ ವಿಶೇಷ ವಿಮಾನಗಳು ಶುರುವಾದವು. ದುಬೈನಿಂದ ಮಂಗಳೂರಿಗೆ ಮೊದಲ ವಿಮಾನ ಬಂದದ್ದು ಮೇ 12ರಂದು. ಕೆಲಸ ಕಳೆದುಕೊಂಡವರು, ಗರ್ಭಿಣಿಯರು, ವಯಸ್ಸಾದವರು, ವೀಸಾ ಮುಗಿದವರಿಗೆ ಆದ್ಯತೆಯಿತ್ತು. ಟಿಕೆಟ್ ಹಣ ಮಾತ್ರ ಅವರವರದೇ. ಆ ಸಂಕಟವನ್ನು ಟಿವಿಯಲ್ಲಿ ಎಲ್ಲರೂ ನೋಡಿದೆವು. ಆದರೆ ಕೆಲಸ ಉಳಿಸಿಕೊಂಡಿದ್ದವರ ಪಾಡು ಅಷ್ಟಾಗಿ ಚರ್ಚೆಗೆ ಬರಲೇ ಇಲ್ಲ. ಅವರು ಬಂದರೆ ಸಾಲದು, ರಜೆ ಮುಗಿಯುವುದರೊಳಗೆ ವಾಪಸು ಹೋಗಲೂಬೇಕಿತ್ತು.

ಬೈಂದೂರಿನ ಕಡೆಯ ಒಬ್ಬರು ಶಾರ್ಜಾದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾರೆ ಎಂದಿಟ್ಟುಕೊಳ್ಳಿ. 2021ರ ಏಪ್ರಿಲ್ ಮಧ್ಯಭಾಗ. ಊರಿನಲ್ಲಿ ಅಪ್ಪ ಆಸ್ಪತ್ರೆ ಸೇರಿದ್ದಾರೆ. ಮಾಲೀಕರು ಒಂದು ತಿಂಗಳು ರಜೆ ಕೊಟ್ಟಿದ್ದಾರೆ. 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿಯನ್ನು ಏರ್ ಸುವಿಧಾ ಪೋರ್ಟಲ್‌ಗೆ ಹಾಕಿ ಬಂದಿಳಿಯುತ್ತಾರೆ. ಏಪ್ರಿಲ್ 24ರ ರಾತ್ರಿಯಿಂದ ಯುಎಇ ಭಾರತದಿಂದ ಬರುವವರಿಗೆ ಬಾಗಿಲು ಮುಚ್ಚುತ್ತದೆ. ಮೊದಲು ಹೇಳಿದ್ದು ಹತ್ತು ದಿನ. ಅದು ಬೆಳೆಯುತ್ತಾ ಹೋಗಿ, ಅಲ್ಲಿನ ನಿವಾಸಿಗಳಿಗೆ ಬಾಗಿಲು ತೆರೆಯತೊಡಗಿದ್ದು ಆಗಸ್ಟ್ 5ರಿಂದ, ಅದೂ ಹಂತಹಂತವಾಗಿ, ಲಸಿಕೆಯ ಷರತ್ತಿನೊಂದಿಗೆ. ಅಷ್ಟು ಹೊತ್ತಿಗೆ ಒಂದು ತಿಂಗಳ ರಜೆ ಮೂರು ತಿಂಗಳು ದಾಟಿರುತ್ತದೆ. ಸಂಬಳ ನಿಂತಿರುತ್ತದೆ, ಅಲ್ಲಿ ಹಂಚಿಕೊಂಡ ಕೋಣೆಯ ಬೆಡ್‌ಸ್ಪೇಸ್ ಬಾಡಿಗೆ ನಿಂತಿರುವುದಿಲ್ಲ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ನಿವಾಸ ವೀಸಾ ರದ್ದಾಗುತ್ತದೆ ಎಂಬುದು ಅಲ್ಲಿನ ಸಾಮಾನ್ಯ ನಿಯಮ. ಆ ಅವಧಿಯಲ್ಲಿ ವಿನಾಯಿತಿಗಳು ಸಿಕ್ಕವು ನಿಜ. ಆದರೆ ಪ್ರಕಟಣೆ ಬರುವವರೆಗೆ ಯಾರಿಗೆ ನಿದ್ದೆ ಹತ್ತೀತು?

ಬಾಗಿಲು ತೆರೆದ ಮೇಲೆ ಶುರುವಾದದ್ದು ಗಂಟೆಗಳ ಲೆಕ್ಕ. ದುಬೈಗೆ ಹೋಗಲು 48 ಗಂಟೆಯೊಳಗಿನ ವರದಿ ಬೇಕು ಎಂದರೆ, ಆ ಗಂಟೆಗಳನ್ನು ಎಣಿಸುವುದು ಗಂಟಲ ದ್ರವ ಕೊಟ್ಟ ಕ್ಷಣದಿಂದ, ವರದಿ ಕೈಗೆ ಬಂದ ಕ್ಷಣದಿಂದಲ್ಲ. ಬೆಳಿಗ್ಗೆ ಕುಂದಾಪುರದಲ್ಲಿ ಮಾದರಿ ಕೊಟ್ಟು, ಅದು ಬೇರೆ ಊರಿನ ಲ್ಯಾಬಿಗೆ ಹೋಗಿ ವರದಿ ಬರಲು ಒಂದೂವರೆ ದಿನ ಹಿಡಿದರೆ ಕೈಯಲ್ಲಿ ಉಳಿಯುವುದು ಅರ್ಧ ದಿನ. ಅದರಲ್ಲೇ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣ ತಲುಪಬೇಕು. ವರದಿಯಲ್ಲಿ ಕ್ಯೂಆರ್ ಕೋಡ್ ಇರಲೇಬೇಕು. ಇದರ ಮೇಲೆ ವಿಮಾನ ಹೊರಡುವ ಕೆಲವೇ ಗಂಟೆ ಮೊದಲು ನಿಲ್ದಾಣದಲ್ಲೇ ಇನ್ನೊಂದು ಕ್ಷಿಪ್ರ ಪರೀಕ್ಷೆ. ಮಂಗಳೂರು ನಿಲ್ದಾಣದಲ್ಲಿ ಆರಂಭದಲ್ಲಿ ಅದರ ವ್ಯವಸ್ಥೆಯೇ ಇರಲಿಲ್ಲ.

ಇಲ್ಲೊಂದು ವೈದ್ಯಕೀಯ ಸಂಗತಿಯನ್ನು ತಿಳಿದಿರಬೇಕು. ಆರ್‌ಟಿ-ಪಿಸಿಆರ್ ಹುಡುಕುವುದು ವೈರಾಣುವಿನ ಆರ್‌ಎನ್‌ಎ ತುಣುಕುಗಳನ್ನು. ರೋಗ ವಾಸಿಯಾಗಿ, ಬೇರೆಯವರಿಗೆ ಹರಡುವ ಹಂತ ಕಳೆದ ಮೇಲೂ ಆ ತುಣುಕುಗಳು ಕೆಲವರ ಮೂಗಿನಲ್ಲಿ, ಗಂಟಲಲ್ಲಿ ವಾರಗಟ್ಟಲೆ ಉಳಿಯುತ್ತವೆ. ಅಂಥವರು ಆರೋಗ್ಯವಾಗಿದ್ದರೂ ವರದಿ ಪಾಸಿಟಿವ್ ಬರಬಹುದು. ಮೊದಲ ವರದಿ ನೆಗೆಟಿವ್ ಇದ್ದು, ಸಾಮಾನು ಹೊತ್ತು ನಿಲ್ದಾಣಕ್ಕೆ ಬಂದು, ಅಲ್ಲಿ ಪಾಸಿಟಿವ್ ಆದರೆ ಪ್ರಯಾಣ ಅಲ್ಲಿಗೇ ಮುಗಿಯಿತು. ಬೀಳ್ಕೊಡಲು ಬಂದ ಮನೆಯವರು ಆ ಕಾರಿನಲ್ಲೇ ಅವರನ್ನು ವಾಪಸು ಕರೆದೊಯ್ಯಬೇಕು.

ಲಸಿಕೆಯ ತೊಡಕು ಇನ್ನೂ ಗಾಢವಾದದ್ದು. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವಿನ ಅಂತರವನ್ನು 12–16 ವಾರಗಳಿಗೆ ಏರಿಸಿತು. ರಜೆಯ ಮೇಲೆ ಬಂದವರು ಅಷ್ಟು ದಿನ ಕಾಯುವುದು ಹೇಗೆ? ಓದಿಗೆ, ಉದ್ಯೋಗಕ್ಕೆ ವಿದೇಶಕ್ಕೆ ಹೋಗುವವರು 28 ದಿನಗಳ ನಂತರ ಎರಡನೇ ಡೋಸ್ ಪಡೆಯಬಹುದು ಎಂಬ ಸೂಚನೆ ಬಂದದ್ದು ಜೂನ್‌ನಲ್ಲಿ. ಕೊವ್ಯಾಕ್ಸಿನ್ ಹಾಕಿಸಿಕೊಂಡವರ ಕಥೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿದ್ದು ನವೆಂಬರ್ 3ರಂದು; ಅಲ್ಲಿಯವರೆಗೆ ಅನೇಕ ದೇಶಗಳಲ್ಲಿ ಆ ಲಸಿಕೆ ಲೆಕ್ಕಕ್ಕಿರಲಿಲ್ಲ. ಹತ್ತಿರದ ಕೇಂದ್ರದಲ್ಲಿ ಯಾವುದು ಸಿಕ್ಕಿತೋ ಅದನ್ನು ಹಾಕಿಸಿಕೊಂಡದ್ದು ಅವರ ತಪ್ಪಲ್ಲ. ಜೊತೆಗೆ ಹೆಸರಿನ ಗೋಜಲು: ಆಧಾರ್‌ನಲ್ಲಿ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಸೇರಿದ ಪೂರ್ಣ ಹೆಸರು. ಲಸಿಕೆ ಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಸೇರಿಸುವ ಅವಕಾಶವನ್ನು ಲಸಿಕೆ ನೋಂದಣಿಯ ಕೋವಿನ್ ಪೋರ್ಟಲ್ ಆಮೇಲೆ ಕೊಟ್ಟಿತು.

ಸೌದಿಗೆ ಹೋಗುವವರ ಹಾದಿ ಇನ್ನೂ ಸುತ್ತಿನದು. ಭಾರತದಿಂದ ನೇರ ಪ್ರವೇಶವಿಲ್ಲದ್ದರಿಂದ ಅನೇಕರು ದುಬೈನಲ್ಲಿ 14 ದಿನ ಕಳೆದು ಹೋಗುತ್ತಿದ್ದರು. 2021ರ ಫೆಬ್ರವರಿ 3ರಿಂದ ಸೌದಿ 20 ದೇಶಗಳಿಂದ ಬರುವವರಿಗೆ ಪ್ರವೇಶ ನಿಲ್ಲಿಸಿದಾಗ ಯುಎಇ ಕೂಡ ಆ ಪಟ್ಟಿಯಲ್ಲಿತ್ತು. ಕೈಯಲ್ಲಿದ್ದ ಹಣವೆಲ್ಲ ಹೋಟೆಲಿಗೆ ಸುರಿದು, ದಾರಿಯ ನಡುವೆ ಕುಳಿತವರು ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ ಎನ್ನುವಂತಾದರು.

ಸೋಂಕು ತಡೆಯುವ ಹಕ್ಕು ಪ್ರತಿ ದೇಶಕ್ಕೂ ಇದೆ. ಡೆಲ್ಟಾ ಅಲೆಯ ಭೀಕರತೆ ಕಂಡವರು ಆ ಎಚ್ಚರವನ್ನು ತಪ್ಪೆನ್ನಲಾರರು. ಆದರೆ ನಿಯಮ ಬದಲಾಗುವ ಹೊತ್ತಿಗೆ ಪ್ರಯಾಣದಲ್ಲಿರುವವರ ಬಗ್ಗೆ ಒಂದು ಸಾಲೂ ಇಲ್ಲದ ಆದೇಶ ಅನ್ಯಾಯದ್ದು ಎಂದೇ ನನ್ನ ಅಭಿಪ್ರಾಯ. ಆಗಲೇ ಹೊರಟವರಿಗೆ ಹಳೆಯ ನಿಯಮ ಅನ್ವಯಿಸಲಿ, ಇಲ್ಲವೇ ಕ್ವಾರಂಟೈನ್ ಕಡ್ಡಾಯ ಮಾಡಿ ಒಳಗೆ ಬಿಡಲಿ. ಇದನ್ನು ಎರಡು ದೇಶಗಳ ನಡುವಿನ ಕಾರ್ಮಿಕ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಆ ಕೆಲಸ ಕೇಂದ್ರದ್ದು.

ರಾಜ್ಯದ ಪಾಲೂ ಇದೆ. ಕೇರಳ 1996ರಲ್ಲೇ ಅನಿವಾಸಿಗಳಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. ನಮ್ಮಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ಅದಕ್ಕೆ ಇಲಾಖೆಯ ಬಲ ಬೇಕು. ಯಾರು ಎಲ್ಲಿದ್ದಾರೆ, ಯಾವ ಕೆಲಸದಲ್ಲಿದ್ದಾರೆ, ವೀಸಾ ಎಂದಿಗೆ ಮುಗಿಯುತ್ತದೆ ಎಂಬ ನೋಂದಣಿ ಮೊದಲೇ ಇದ್ದರೆ ವಿಮಾನ ಕೇಳುವುದೂ ಲಸಿಕೆಗೆ ಆದ್ಯತೆ ಕೊಡುವುದೂ ಸುಲಭ. ಕರಾವಳಿಯ ಎಷ್ಟೋ ಮನೆಗಳು ಆ ದುಡಿಮೆಯ ಮೇಲೆ ನಿಂತಿವೆ. ಸರ್ಕಾರ ಆ ನೋಂದಣಿಯನ್ನು ಮುಂದಿನ ಸಾಂಕ್ರಾಮಿಕ ಬರುವವರೆಗೆ ಕಾಯದೆ ಈಗಲೇ ಶುರು ಮಾಡಲಿ.