ಭಾರ ಇದ್ದರೆ ಒಳ್ಳೆಯ ಬೇಸ್ ಗಿಟಾರ್ ಎನ್ನುವುದು ನಿಜವೇ?

ಹಿತ್ತಾಳೆ ಪಾತ್ರೆ ಕೊಳ್ಳುವಾಗ ಕೈಯಲ್ಲಿ ಎತ್ತಿ ತೂಕ ನೋಡುವುದು ನಮ್ಮ ರೂಢಿ. ಭಾರ ಇದ್ದರೆ ಗಟ್ಟಿ, ಗಟ್ಟಿ ಇದ್ದರೆ ಬಾಳಿಕೆ ಎಂಬ ಲೆಕ್ಕ. ಬೇಸ್ ಗಿಟಾರ್ ಕೊಳ್ಳುವಾಗಲೂ ಇದೇ ಮಾತು ಕೇಳಿಬರುತ್ತದೆ: ಭಾರದ ಮರ, ದುಬಾರಿ ಮರ ಇದ್ದರೆ ನಾದ ಚೆನ್ನ.

ಬಸವಕಲ್ಯಾಣ, ಹುಮನಾಬಾದಿನ ಕಡೆ ಭಜನೆಗೋ, ಚರ್ಚಿನ ಗಾಯನಕ್ಕೋ, ಆರ್ಕೆಸ್ಟ್ರಾಕ್ಕೋ ಬೇಸ್ ನುಡಿಸಬೇಕೆನ್ನುವವರು ಒಂದೋ ವಿಡಿಯೊ ನೋಡಿ ಆನ್‌ಲೈನ್‌ನಲ್ಲಿ ತರಿಸಬೇಕು, ಇಲ್ಲವೇ ಹೈದರಾಬಾದಿನಂತಹ ದೊಡ್ಡ ಊರಿಗೆ ಹೋಗಿ ಒಂದೇ ದಿನದಲ್ಲಿ ಆರಿಸಿ ತರಬೇಕು. ತಪ್ಪಿದರೆ ಹಣ ಮಾತ್ರ ಹೋಗುವುದಿಲ್ಲ. ನೆಕ್ ಸೊಟ್ಟಗಿರುವ ವಾದ್ಯದಲ್ಲಿ ಕಲಿಯಲು ಹೊರಟವರು, ವಾದ್ಯದ ದೋಷವನ್ನು ತಮ್ಮ ಬೆರಳಿನ ದೋಷ ಎಂದುಕೊಂಡು ಕಲಿಕೆಯನ್ನೇ ಬಿಟ್ಟುಬಿಡಬಹುದು. ಹಾಗಾದರೆ ನೋಡಬೇಕಾದ್ದು ಏನನ್ನು?

ಮರ ಎಷ್ಟು ಮುಖ್ಯ?

ಎಲೆಕ್ಟ್ರಿಕ್ ಬೇಸ್‌ನಲ್ಲಿ ಧ್ವನಿಯನ್ನು ಹಿಡಿಯುವುದು ಪಿಕಪ್. ಅದು ಅಯಸ್ಕಾಂತ ಮತ್ತು ತಾಮ್ರದ ಸುರುಳಿಯಿಂದ ಆದದ್ದು. ಲೋಹದ ತಂತಿಯ ಕಂಪನವನ್ನು ಅದು ವಿದ್ಯುತ್ತಾಗಿ ಬದಲಿಸುತ್ತದೆ, ಗಾಳಿಯ ಸದ್ದನ್ನು ಹಿಡಿಯುವುದಿಲ್ಲ. ಹೀಗಾಗಿ ಮರದ ಪ್ರಭಾವ ತಂತಿಯ ಕಂಪನದ ಮೂಲಕವಷ್ಟೇ ಬರಬೇಕು.

ಮರವೇ ಸದ್ದು ಹೊರಡಿಸುವ ಅಕೂಸ್ಟಿಕ್ ಗಿಟಾರಿನಲ್ಲೂ ನಂಬಿಕೆ ಪರೀಕ್ಷೆಗೆ ನಿಲ್ಲಲಿಲ್ಲ. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರ ತಂಡವೊಂದು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂಬದಿ ಮತ್ತು ಪಕ್ಕದ ಮರವೊಂದನ್ನು ಬಿಟ್ಟು ಉಳಿದೆಲ್ಲ ಒಂದೇ ತೆರನಾದ ಆರು ಗಿಟಾರುಗಳನ್ನು 52 ವಾದಕರು ಮರ ಕಾಣದಂತೆ ನುಡಿಸಿದರು. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ತೂಕದ ಮಾತೂ ಹೀಗೆಯೇ. ಹೆಚ್ಚಿನ ಬೇಸ್ ಗಿಟಾರುಗಳು 4 ಕಿಲೋ ಆಸುಪಾಸಿನಲ್ಲಿರುತ್ತವೆ. ಎರಡು ಗಂಟೆ ನಿಂತು ನುಡಿಸಿದರೆ ಅದರ ಮೇಲಿನ ಪ್ರತಿ ಅರ್ಧ ಕಿಲೋವನ್ನೂ ಹೊರುವುದು ನಿಮ್ಮ ಹೆಗಲೇ. ತೂಕಕ್ಕಿಂತ ಸಮತೋಲನ ಮುಖ್ಯ: ಪಟ್ಟಿ ಹಾಕಿಕೊಂಡು ನಿಂತು ಎರಡೂ ಕೈ ಬಿಡಿ. ನೆಕ್ ತಾನಾಗಿ ನೆಲದ ಕಡೆ ವಾಲಿದರೆ, ನುಡಿಸುವಾಗಲೆಲ್ಲ ಎಡಗೈ ಅದನ್ನು ಎತ್ತಿ ಹಿಡಿಯಬೇಕಾಗುತ್ತದೆ.

ಫೋನಿನಲ್ಲಿ ಕೇಳಿ ನಿರ್ಧರಿಸಬಹುದೇ?

ನಾಲ್ಕು ತಂತಿಯ ಬೇಸ್‌ನ ಅತಿ ತಗ್ಗಿನ ಸ್ವರ ಸೆಕೆಂಡಿಗೆ ಸುಮಾರು 41 ಕಂಪನಗಳದ್ದು. ಅಂಗೈಯಲ್ಲಿರುವ ಫೋನಿನ ಪುಟ್ಟ ಸ್ಪೀಕರ್ ಅಷ್ಟು ತಗ್ಗಿನ ಸದ್ದನ್ನು ಹೊರಡಿಸಲಾರದು. ಅದು ಕೇಳಿಸುವುದು 82, 123, 164 ಹೀಗೆ ಮೇಲೇರುವ ಉಪಸ್ವರಗಳಲ್ಲಿ ಎತ್ತರದವನ್ನು ಮಾತ್ರ. ಇಲ್ಲದ ಮೂಲ ಸ್ವರವನ್ನು ನಮ್ಮ ಮೆದುಳು ತಾನೇ ಊಹಿಸಿಕೊಳ್ಳುತ್ತದೆ. ಆದ್ದರಿಂದ ಫೋನಿನ ವಿಡಿಯೊ ನೋಡಿ ಬೇಸ್‌ನ ನಾದವನ್ನು ಅಳೆಯುವುದು ಸರಿಯಲ್ಲ.

ಗುಣಮಟ್ಟ ಇರುವುದು ನೆಕ್‌ನಲ್ಲಿ

ಶ್ರುತಿಗೆ ಏರಿಸಿದ ನಾಲ್ಕು ತಂತಿಗಳು ಒಟ್ಟಾಗಿ ನೆಕ್ ಅನ್ನು ಸುಮಾರು 75ರಿಂದ 80 ಕಿಲೋ ಬಲದಿಂದ ಎಳೆಯುತ್ತವೆ. ಈ ಎಳೆತಕ್ಕೆ ಎದುರಾಗಿ ನಿಲ್ಲಲು ನೆಕ್ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕೆ ಇರುತ್ತದೆ. ದಪ್ಪ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗಳ ಬಳಿ ಒತ್ತಿ ಹಿಡಿದು ನಡುವೆ ನೋಡಿ. ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್ ಸಂದು ಇದ್ದರೆ ಸರಿ. ಸಂದೇ ಇಲ್ಲದಿದ್ದರೆ ತಂತಿ ಫ್ರೆಟ್‌ಗಳಿಗೆ ತಾಗಿ ಝೇಂಕರಿಸುತ್ತದೆ.

ಈ ಝೇಂಕಾರ ನಮ್ಮವರಿಗೆ ಹೊಸದಲ್ಲ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕ ಪ್ರಭುಗಳು ನೆಲೆಸಿದ್ದು ಹುಮನಾಬಾದಿಗೆ ಅಂಟಿಕೊಂಡಿರುವ ಮಾಣಿಕನಗರದಲ್ಲಿ. ದತ್ತ ಜಯಂತಿಯ ಹೊತ್ತಿಗೆ ಅಲ್ಲಿ ನಡೆಯುವ ಸಂಗೀತದಲ್ಲಿ ತಂಬೂರಿ ಕೇಳಿದವರಿಗೆ ಅದರ ಗುಂಯ್‌ಗುಡುವ ನಾದ ಗೊತ್ತು. ತಂಬೂರಿಯ ಕುದುರೆಯ ಮೇಲ್ಭಾಗ ಬಾಗಿರುವುದರಿಂದ ತಂತಿ ಅದನ್ನು ಸವರುತ್ತಾ ಕಂಪಿಸುತ್ತದೆ, ಅದರಿಂದಲೇ ಉಪಸ್ವರಗಳು ತುಂಬಿಬರುತ್ತವೆ ಎಂದು ಸಿ. ವಿ. ರಾಮನ್ 1921ರಲ್ಲಿ ಬರೆದರು. ತಂಬೂರಿಯಲ್ಲಿ ದಾರದ ಎಳೆ ಸರಿಸಿ ಬೇಕೆಂದೇ ತರುವ ಗುಣ, ಬೇಸ್‌ನಲ್ಲಿ ಅಂಕೆ ತಪ್ಪಿದರೆ ದೋಷವಾಗುತ್ತದೆ.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ

ಒಣ ಬೇಸಿಗೆಯಲ್ಲಿ ಮರ ತೇವ ಕಳೆದುಕೊಂಡು ಅಡ್ಡಕ್ಕೆ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಉದ್ದಕ್ಕೆ ಆಗುವ ಬದಲಾವಣೆ ತೀರಾ ಕಡಿಮೆ. ಲೋಹದ ಫ್ರೆಟ್ ಮರದ ಜೊತೆ ಕುಗ್ಗುವುದಿಲ್ಲ. ಹಾಗಾಗಿ ಚೆನ್ನಾಗಿ ಒಣಗಿಸದ ಮರದ ವಾದ್ಯವನ್ನು ನಮ್ಮ ಏಪ್ರಿಲ್ ಬಿಸಿಲಿಗೆ ತಂದರೆ ಫ್ರೆಟ್ ತುದಿಗಳು ಹೊರಚಾಚಿ ಕೈ ತರಚುತ್ತವೆ. ಅಂಗಡಿಯಲ್ಲಿ ನೆಕ್‌ನ ಎರಡೂ ಅಂಚುಗಳ ಮೇಲೆ ಅಂಗೈ ಸವರಿ ನೋಡಿ.

ಸರಿಪಡಿಸಬಹುದಾದ್ದು, ಬಿಟ್ಟುಬರಬೇಕಾದ್ದು

ತಂತಿಯ ಎತ್ತರ, ಹಳೆಯ ತಂತಿ, ನೆಕ್‌ನ ಸಣ್ಣ ಬಾಗು ಇವೆಲ್ಲ ದೊಡ್ಡ ದೋಷಗಳಲ್ಲ. 12ನೇ ಫ್ರೆಟ್‌ನ ಮೇಲೆ ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟಿದ ಸ್ವರ, ಒತ್ತಿ ಮೀಟಿದ ಸ್ವರ ಎರಡೂ ಒಂದೇ ಆಗಿರಬೇಕು. ಫೋನಿನ ಟ್ಯೂನರ್ ಆ್ಯಪ್ ಇದನ್ನು ತೋರಿಸುತ್ತದೆ. ಅಲ್ಪಸ್ವಲ್ಪ ವ್ಯತ್ಯಾಸವಿದ್ದರೆ ಬ್ರಿಡ್ಜ್‌ನ ಸ್ಕ್ರೂ ತಿರುಗಿಸಿ ಸರಿಮಾಡಬಹುದು.

ಆದರೆ ಹಗ್ಗದಂತೆ ತಿರುಚಿದ ನೆಕ್, ತಿರುಗದ ಟ್ರಸ್ ರಾಡ್, ಏರುಪೇರಾದ ಫ್ರೆಟ್‌ಗಳು, ನೆಕ್ ಮತ್ತು ಬಾಡಿ ಕೂಡುವಲ್ಲಿ ಅಲುಗಾಟ ಇದ್ದರೆ ಆ ವಾದ್ಯ ಬೇಡ. ಪ್ರತಿ ತಂತಿಯನ್ನೂ ಫ್ರೆಟ್ ಬಿಡದೆ ಮೀಟಿ ನೋಡಿ. ಯಾವುದೋ ಒಂದು ಸ್ವರ ಬೇಗ ಸತ್ತುಹೋದರೆ, ಆ ಕಂಪನದ ಶಕ್ತಿಯನ್ನು ನೆಕ್ ಹೀರಿಕೊಳ್ಳುತ್ತಿದೆ ಎಂದರ್ಥ. ತೆಳುವಾದ ತಂತಿಯ 5ರಿಂದ 7ನೇ ಫ್ರೆಟ್‌ಗಳ ಬಳಿ ಇದು ಹೆಚ್ಚು. ದುಬಾರಿ ಬೇಸ್‌ಗಳಲ್ಲೂ ಇದು ಇರುತ್ತದೆ, ಆದ್ದರಿಂದ ಒಂದೇ ಮಾದರಿಯ ಎರಡು ಮೂರು ವಾದ್ಯಗಳನ್ನು ಹೋಲಿಸಿ.

ಆನ್‌ಲೈನ್‌ನಲ್ಲಿ ತರಿಸುವುದೇ ಆದರೆ ಮರದ ಹೆಸರಿಗಿಂತ ಮೊದಲು ವಾಪಸಾತಿಯ ನಿಯಮ ಓದಿ. ಪೆಟ್ಟಿಗೆ ಬಂದ ದಿನವೇ ಈ ಪರೀಕ್ಷೆಗಳನ್ನು ಮಾಡಿ. ಇವಕ್ಕೆ ಹತ್ತು ನಿಮಿಷ ಸಾಕು, ಸಂಗೀತ ಬಂದಿರಬೇಕೆಂದೂ ಇಲ್ಲ.