ಮನೆಯ ನೆನಪು ಎಲ್ಲಿರಬೇಕು?

ಒಂದು ಮನೆಯನ್ನು ಬಿಟ್ಟು ಇನ್ನೊಂದು ಮನೆಗೆ ಒಕ್ಕಲು ಹೋಗುವ ತಾಪತ್ರಯ ಸಂಸಾರಸ್ಥರೆಲ್ಲರಿಗೂ ಗೊತ್ತಿರತಕ್ಕದ್ದೇ. ಮನೆ ಇದ್ದಲ್ಲಿಯೇ ಇದ್ದು, ಅದರ ಬುದ್ಧಿಯನ್ನು ಮಾತ್ರ ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ಸಾಗಿಸಬೇಕಾಗಿ ಬರುವುದು ನಮ್ಮ ಕಾಲದ ಹೊಸ ತಾಪತ್ರಯ. ಕಳೆದ ಬೇಸಗೆಯ ರಜೆಯಲ್ಲಿ ಹತ್ತು ದಿನ ಅದನ್ನು ಅನುಭವಿಸಿದವನು ನಾನು. ಕನ್ನಡ ಪಾಠ ಹೇಳುವವನಿಗೆ ಈ ಯಂತ್ರಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಆ ಗೊಡವೆಯನ್ನು ಶೋಕಿಗಾಗಿ ಹಚ್ಚಿಕೊಂಡದ್ದಲ್ಲ. ನನ್ನ ತಾಯಿಯವರಿಗೆ ಎಪ್ಪತ್ತೆಂಟು ವರ್ಷ. ರಾತ್ರಿ ಎರಡು ಮೂರು ಸಲ ಏಳುತ್ತಾರೆ. ಕತ್ತಲಲ್ಲಿ ಗೋಡೆ ತಡವುತ್ತ ಸ್ವಿಚ್ಚು ಹುಡುಕುವ ವಯಸ್ಸು ಅವರದಲ್ಲ. ಅವರು ಮಂಚದಿಂದ ಕಾಲಿಳಿಸಿದೊಡನೆ ನಡುಮನೆಯ ದೀಪ ತಾನಾಗಿ ಹತ್ತಬೇಕೆಂಬ ಒಂದೇ ಆಸೆಯಿಂದ ಶುರುವಾದದ್ದು, ಐದು ವರ್ಷಗಳಲ್ಲಿ ಸಂಪಿನ ಮೋಟಾರು, ಗೀಸರು, ಬಾಗಿಲ ಗಂಟೆ, ಹಿತ್ತಿಲ ದೀಪ ಎಲ್ಲವನ್ನೂ ಸೇರಿಸಿಕೊಂಡು ಇಪ್ಪತ್ತಮೂರು ಉಪಕರಣಗಳ ಒಂದು ಸಂಸಾರವೇ ಆಯಿತು. ಆ ಸಂಸಾರದ ಯಜಮಾನಿಕೆ ಅಂಗೈಯಗಲದ ಒಂದು ಪೆಟ್ಟಿಗೆಯದು. ಆ ಪೆಟ್ಟಿಗೆಯನ್ನು ಮಾರಿದ ಸಂಸ್ಥೆ, ಮುಂದೆ ಅದರ ಸೇವೆ ಇಲ್ಲವೆಂದು ಎರಡು ಸಾಲಿನ ಪತ್ರ ಬರೆದು ಕೈತೊಳೆದುಕೊಂಡಿತು.

ಇದು ನಮ್ಮೊಬ್ಬರ ಪಾಡಲ್ಲ. ಅಮೆರಿಕದಲ್ಲಿ ರಿವಾಲ್ವ್ ಎಂಬ ಪೆಟ್ಟಿಗೆಯನ್ನು ಸುಮಾರು 300 ಡಾಲರಿಗೆ, ಆಜೀವ ಸೇವೆಯ ಭರವಸೆಯೊಡನೆ ಮಾರಿದ್ದರು. 2014ರಲ್ಲಿ ನೆಸ್ಟ್ ಸಂಸ್ಥೆ ಅದನ್ನು ಕೊಂಡುಕೊಂಡಿತು. 2016ರ ಮೇ 15ರಂದು ಪೆಟ್ಟಿಗೆಗಳೆಲ್ಲ ನಿಷ್ಪ್ರಯೋಜಕವಾದುವು. ‘ಆಜೀವ’ ಎಂದರೆ ಯಾರ ಜೀವ ಎಂಬ ಪ್ರಶ್ನೆಯನ್ನು ವೈಯಾಕರಣರು ಬಿಡಿಸಬಹುದು. ಕೊಂಡವನ ಜೀವವಂತೂ ಅಲ್ಲವೆಂದಾಯಿತು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಸಂಸ್ಥೆಯ ದೂರದ ಯಂತ್ರಗಳು ಮುನ್ಸೂಚನೆಯೇ ಇಲ್ಲದೆ ಮೌನ ತಾಳಿದುವು. ಗೋಡೆಯ ದೀಪಗಳೆಲ್ಲ ಸರಿಯಾಗಿಯೇ ಇದ್ದುವು. ಅವುಗಳಿಗೆ ಆಜ್ಞೆ ಕೊಡುವ ಬುದ್ಧಿ ಮಾತ್ರ ಎಲ್ಲಿಯೋ ಇದ್ದು ಇಲ್ಲವಾಗಿತ್ತು. ಕೆಲವು ವಾರಗಳ ಮೇಲೆ ಬಳಕೆದಾರರದೇ ಒಂದು ಸಣ್ಣ ಗುಂಪು ಆ ಸಂಸ್ಥೆಯನ್ನು ಕೊಂಡು ಮತ್ತೆ ಜೀವ ಕೊಟ್ಟಿತು. ದೀಪ ಹತ್ತಿಸಿಕೊಳ್ಳಲು ಕಂಪೆನಿಯನ್ನೇ ಕೊಳ್ಳುವ ಶಕ್ತಿ ಎಲ್ಲ ಗೃಹಸ್ಥರಿಗೂ ಇರುವುದಿಲ್ಲವಷ್ಟೆ.

ಹೊಸ ಪೆಟ್ಟಿಗೆಯಾಗಿ ನಾವು ಆರಿಸಿಕೊಂಡದ್ದು ಒಂದು ಪುಟ್ಟ ಗಣಕ. ಅದರೊಳಗೆ ನಡೆಯುವುದು ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ. 2013ರಲ್ಲಿ ಹುಟ್ಟಿದ ಇದರ ಒಡೆತನ 2024ರಿಂದ ಓಪನ್ ಹೋಮ್ ಫೌಂಡೇಶನ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆಯಲ್ಲಿದೆ. ಅದು ಮನೆಯೊಳಗೇ ಕುಳಿತು ಕೆಲಸ ಮಾಡುತ್ತದೆ. ಇಂಟರ್‌ನೆಟ್ಟು ಹೋದರೂ ನಡುಮನೆಯ ದೀಪ ಹತ್ತುತ್ತದೆ.

ಆದರೆ ಹಳೆಯ ಯಜಮಾನನನ್ನು ಬಿಟ್ಟುಬರುವುದು ಉಪಕರಣಗಳಿಗೆ ಸುಲಭವಲ್ಲ. ಜಿಗ್‌ಬೀ ಎಂಬ ರೇಡಿಯೋ ಭಾಷೆಯನ್ನಾಡುವ ಉಪಕರಣಗಳು ಒಂದು ರಹಸ್ಯ ಕೀಲಿಯನ್ನು ಹಂಚಿಕೊಂಡಿರುತ್ತವೆ. ಆ ಕೀಲಿಯನ್ನು ಹಳೆಯ ಪೆಟ್ಟಿಗೆ ಬಿಟ್ಟುಕೊಟ್ಟರೆ ಹೊಸ ಪೆಟ್ಟಿಗೆ ಅದನ್ನೇ ಧರಿಸಿ ಕುಳಿತುಕೊಳ್ಳಬಹುದು. ಒಡೆಯ ಬದಲಾದದ್ದು ಒಕ್ಕಲುಗಳಿಗೆ ತಿಳಿಯುವುದೇ ಇಲ್ಲ. ಬಿಟ್ಟುಕೊಡದಿದ್ದರೆ ಒಂದೊಂದು ಉಪಕರಣವನ್ನೂ ಹಿಂದಿನದನ್ನು ಮರೆಯುವಂತೆ ಮಾಡಿ, ಹೊಸದಾಗಿ ಪರಿಚಯಿಸಬೇಕು. ನಮ್ಮ ಹಳೆಯ ಪೆಟ್ಟಿಗೆ ಬಿಟ್ಟುಕೊಡಲಿಲ್ಲ. ಝೀ-ವೇವ್ ಎಂಬ ಇನ್ನೊಂದು ಪಂಗಡದ ಶಿಷ್ಟಾಚಾರ ಇನ್ನೂ ಬಿಗಿ: ಮೊದಲು ವಿಧಿವತ್ತಾಗಿ ಹೊರಹಾಕದೆ ಹೊಸ ಮನೆಗೆ ಸೇರಿಸುವಂತಿಲ್ಲ. ಪುಣ್ಯಕ್ಕೆ, ಹೊರಹಾಕುವ ಕೆಲಸವನ್ನು ಹಳೆಯ ಯಜಮಾನನೇ ಮಾಡಬೇಕೆಂದಿಲ್ಲ, ಹೊಸಬನೂ ಮಾಡಬಹುದು. ಗೋಡೆಯ ವಿದ್ಯುತ್ತಿನಿಂದ ನಡೆಯುವವು ಇತರರ ಮಾತನ್ನು ಮುಂದಕ್ಕೆ ದಾಟಿಸುವುದರಿಂದ ಅವುಗಳನ್ನು ಮೊದಲು ತರಬೇಕು, ಬ್ಯಾಟರಿಯವು ಆಮೇಲೆ. ಜಿಗ್‌ಬೀಯ ಕಡ್ಡಿಯನ್ನು ವೈಫೈ ರೂಟರಿನ ಮಗ್ಗುಲಿಗೇ ಇಟ್ಟರೆ, ಎರಡೂ ಒಂದೇ ಅಲೆಯಂಚಿನಲ್ಲಿ ಮಾತನಾಡುವುದರಿಂದ, ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಇವು ಬಲ್ಲವರಿಗೆ ಬಾಲಪಾಠ. ಆದರೂ ಯಾವ ಪೆಟ್ಟಿಗೆಯ ಕಾಗದದಲ್ಲಿಯೂ ನನಗೆ ಕಾಣಲಿಲ್ಲ.

ಇಷ್ಟೂ ಯಂತ್ರದ ಭಾಗ. ನನ್ನಂಥವನಿಗೆ ಸ್ವಾರಸ್ಯವೆನಿಸಿದ್ದು ನಿಯಮಗಳನ್ನು ಸಾಗಿಸುವ ಭಾಗ. ಉಪಕರಣಗಳು ಹೇಗೋ ಬರುತ್ತವೆ; ‘ಹೀಗಾದರೆ ಹೀಗೆ ಮಾಡು’ ಎಂಬ ನಿಯಮಗಳು ಬರುವುದಿಲ್ಲ. ಹಳೆಯದನ್ನು ಓದಿ ಹೊಸದರಲ್ಲಿ ಬರೆಯಬೇಕು. ಓಲೆಯ ಪ್ರತಿ ಜೀರ್ಣವಾದಾಗ ಪ್ರತಿಕಾರರು ಮಾಡುತ್ತಿದ್ದ ಕೆಲಸವೇ ಇದು. ಅವರಿಗಾಗುತ್ತಿದ್ದ ಪ್ರಮಾದಗಳೇ ಇಲ್ಲಿಯೂ ಬಾಯ್ದೆರೆದು ನಿಂತಿರುತ್ತವೆ. ಒಂದೇ ಪದದಿಂದ ಮೊದಲಾಗುವ ಎರಡು ಸಾಲುಗಳಿದ್ದರೆ ಕಣ್ಣು ಒಂದನ್ನು ಹಾರಿಸಿಬಿಡುತ್ತದೆ. ‘ಸೂರ್ಯಾಸ್ತಕ್ಕೆ’ ಎಂದಿರುವುದನ್ನು ಅವಸರದಲ್ಲಿ ‘ಆರೂವರೆಗೆ’ ಎಂದು ಬರೆದರೆ, ನಮ್ಮ ಮೈಸೂರಿನಲ್ಲಿ ನವೆಂಬರಿಗೂ ಜುಲೈಗೂ ಸುಮಾರು ಒಂದು ಗಂಟೆಯ ವ್ಯತ್ಯಾಸವಿರುವುದು ಬರೆದವನಿಗೆ ಹೊಳೆಯುವುದಿಲ್ಲ. ಎಲ್ಲಕ್ಕಿಂತ ಅಪಾಯಕರವಾದದ್ದು, ಅರ್ಥವಾಗದ್ದನ್ನು ತಿದ್ದುವ ಜಾಣ ಪ್ರತಿಕಾರ. ದಡ್ಡನಾದವನು ತಪ್ಪನ್ನು ತಪ್ಪಾಗಿಯೇ ಉಳಿಸಿ ಮುಂದಿನವರಿಗೆ ಉಪಕಾರ ಮಾಡುತ್ತಾನೆ; ಜಾಣನು ತನ್ನ ಬುದ್ಧಿಯಿಂದ ಮೂಲವನ್ನೇ ಅಳಿಸಿಬಿಡುತ್ತಾನೆ.

ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ನನ್ನ ಅಕ್ಕನ ಮಗ ಈ ಕೆಲಸಕ್ಕೆ ಬಂದಿದ್ದ. ಸಮರ್ಥ ಹುಡುಗ. ನಿಯಮಗಳನ್ನು ಓದುತ್ತ, “ಮಾವ, ನಡುಮನೆ ದೀಪಕ್ಕೆ ಎರಡು ನಿಯಮ ಇದೆ. ಒಂದು ಸಾಕಲ್ಲ, ಇನ್ನೊಂದನ್ನು ತೆಗೆದುಬಿಡಲೇ?” ಎಂದ. ಹನ್ನೊಂದರಿಂದ ನಾಲ್ಕು ಗಂಟೆಯವರೆಗೆ ದೀಪ ಹತ್ತನೆಯ ಒಂದು ಪಾಲು ಮಾತ್ರ ಬೆಳಗಬೇಕೆಂಬುದು ಆ ಎರಡನೆಯ ನಿಯಮ. ಬಾಗಿಲ ಬಳಿ ಕುಳಿತಿದ್ದ ತಾಯಿಯವರು, “ಅದು ಬೇಕು ಕಣಪ್ಪ. ಕಣ್ಣಿನ ಪೊರೆ ತೆಗೆಸಿದ ಮೇಲೆ ಝಗ್ ಅಂತ ಬೆಳಕು ಬಿದ್ರೆ ಒಂದು ಗಳಿಗೆ ಏನೂ ಕಾಣಲ್ಲ ನಂಗೆ. ನಿಂತಲ್ಲೇ ನಿಲ್ಲಬೇಕಾಗತ್ತೆ” ಎಂದರು. ಹುಡುಗ, “ಸರಿ ಅಜ್ಜಿ, ಇರಲಿ” ಎಂದು ಮುಂದಿನದಕ್ಕೆ ಹೋದ. ಹಳೆಯ ಪೆಟ್ಟಿಗೆಯಲ್ಲಿ ನಿಯಮವಿತ್ತು, ಕಾರಣವಿರಲಿಲ್ಲ. ಕಾರಣ ಬಾಗಿಲ ಬಳಿ ಕುಳಿತಿತ್ತು. ಅವರು ಆ ಹೊತ್ತು ದೇವಸ್ಥಾನಕ್ಕೆ ಹೋಗಿದ್ದಿದ್ದರೆ?

ಆ ಸಂಜೆಯೇ ಒಂದು ಇನ್ನೂರು ಪುಟದ ನೋಟುಪುಸ್ತಕ ತಂದು ಪ್ರತಿಯೊಂದು ನಿಯಮವನ್ನೂ ಅದರ ಕಾರಣವನ್ನೂ ಕನ್ನಡದಲ್ಲಿ ಬರೆದಿಟ್ಟೆ. ಹೆಸರುಗಳನ್ನೂ ಬದಲಾಯಿಸಿದೆವು. ‘ಲೈಟ್ ನಾಲ್ಕು’, ‘ಪ್ಲಗ್ ಎರಡು’ ಎಂದು ಜೈಲಿನ ಕೈದಿಗಳಂತೆ ಇದ್ದವು ಈಗ ‘ಹಿತ್ತಿಲ ದೀಪ’, ‘ಬಚ್ಚಲ ಗೀಸರು’ ಆಗಿವೆ. ಇದು ಬರಿಯ ಭಾಷಾಭಿಮಾನವಲ್ಲ. ಹೊಸ ಪೆಟ್ಟಿಗೆಯಲ್ಲಿ ನಿಯಮಗಳು ಉಪಕರಣವನ್ನು ಹೆಸರು ಹಿಡಿದೇ ಕರೆಯಬಲ್ಲವು. ಮುಂದೆ ಒಂದು ಬಲ್ಬು ಕೆಟ್ಟು ಇನ್ನೊಂದು ಬಂದಾಗ, ಹೊಸದಕ್ಕೆ ಹಳೆಯ ಹೆಸರಿಟ್ಟರೆ ನಿಯಮವನ್ನು ಮುಟ್ಟಬೇಕಾಗಿಲ್ಲ. ಹೆಸರು ವಸ್ತುವಿನದಲ್ಲ, ಸ್ಥಾನದ್ದು.

ಇದನ್ನೆಲ್ಲ ಕೇಳಿದ ನಮ್ಮ ಕಾಲೇಜಿನ ಹಿರಿಯರೊಬ್ಬರು, ಈ ಉಪದ್ವ್ಯಾಪವೇ ಬೇಡ, ಗೋಡೆಯ ಸ್ವಿಚ್ಚು ಸಾಕು ಎಂದರು. ಅರ್ಧ ಒಪ್ಪುತ್ತೇನೆ. ಗೋಡೆಯ ಸ್ವಿಚ್ಚು ಒತ್ತಿದರೆ, ಯಾವ ಪೆಟ್ಟಿಗೆ ಸತ್ತಿರಲಿ ಬದುಕಿರಲಿ, ದೀಪ ಹತ್ತಲೇಬೇಕು; ಹಾಗೆ ಹತ್ತದ ಉಪಕರಣವನ್ನು ಮನೆಗೆ ತರಬಾರದು. ಸಾಗಾಣಿಕೆಯ ಹತ್ತು ದಿನವೂ ನಡುಮನೆಯಲ್ಲಿ ನಾವು ರಾತ್ರಿಯೆಲ್ಲ ಉರಿಸಿದ್ದು ಒಂದು ಜೀರೋ ಬಲ್ಬನ್ನು. ಆದರೆ ಸ್ವಿಚ್ಚಿನವರೆಗೆ ನಡೆದುಹೋಗಬಲ್ಲವರು ಸ್ವಿಚ್ಚು ಸಾಕೆನ್ನುವುದು ಸುಲಭ. ವೃದ್ಧರಿಗೆ, ಅಶಕ್ತರಿಗೆ ಈ ಯಂತ್ರ ನಿಜವಾಗಿ ಊರುಗೋಲು. ಊರುಗೋಲೆಂದೇ ಅದನ್ನು ಮಾರಿದವನ ಮರ್ಜಿಗೆ ಬಿಡಬಾರದೆನ್ನುತ್ತೇನೆ.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಇಂಥ ಉಪಕರಣವನ್ನು ಮಾರುವವರು ಅದರ ಭದ್ರತೆಯ ಪರಿಷ್ಕಾರಗಳನ್ನು ಕನಿಷ್ಠ ಎಲ್ಲಿಯವರೆಗೆ ಕೊಡುತ್ತೇವೆಂದು ಪ್ರಕಟಿಸಬೇಕೆಂಬ ಕಾನೂನಿದೆ. ನಾವು ಕೊಂಡ ಯಾವ ಪೆಟ್ಟಿಗೆಯ ಮೇಲೂ ಅಂಥ ತಾರೀಖು ಇರಲಿಲ್ಲ. ಔಷಧದ ಸೀಸೆಯ ಮೇಲಿರುವಷ್ಟು ಸ್ಪಷ್ಟವಾಗಿ ಅದು ಇಲ್ಲಿಯೂ ಇರಬೇಕು. ಸೇವೆ ನಿಲ್ಲಿಸುವ ದಿನ ಕೀಲಿಯನ್ನು ಕೊಂಡವನ ಕೈಗೆ ಕೊಟ್ಟುಹೋಗಬೇಕು. 2022ರ ಅಕ್ಟೋಬರಿನಲ್ಲಿ ಬಂದ ಮ್ಯಾಟರ್ ಎಂಬ ಹೊಸ ಪದ್ಧತಿಯಲ್ಲಿ ಒಂದು ಉಪಕರಣ ಏಕಕಾಲಕ್ಕೆ ಹಲವು ಯಜಮಾನರ ಮಾತು ಕೇಳಬಲ್ಲದು. ಹೊಸಬನನ್ನು ಸೇರಿಸಿ, ಪರೀಕ್ಷಿಸಿ, ಆಮೇಲೆ ಹಳಬನನ್ನು ಕಳುಹಿಸಬಹುದು. ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ: ಇದು ನಮ್ಮ ಮನೆಗೆ ಹೇಗೆ ಸೇರುತ್ತದೆ ಎಂದಲ್ಲ, ಹೇಗೆ ಬಿಡುತ್ತದೆ ಎಂದು.

ಅಮೆರಿಕದಿಂದ ಬಂಧುಗಳು ಪ್ರೀತಿಯಿಂದ ತಂದುಕೊಡುವ ಝೀ-ವೇವ್ ಉಪಕರಣಗಳ ಬಗೆಗೆ ಒಂದು ಮಾತು. ಅಲ್ಲಿಯವು ಸುಮಾರು 908 ಮೆಗಾಹರ್ಟ್ಸಿನಲ್ಲಿ ಮಾತನಾಡುತ್ತವೆ, ನಮ್ಮವು 865ರಲ್ಲಿ. ಒಂದಕ್ಕೊಂದು ಕೇಳಿಸುವುದೇ ಇಲ್ಲ. ತರುವ ಮುಂಚೆಯೇ ಬೇಡವೆಂದು ತಿಳಿಸಿಬಿಡುವುದು ಮೇಲು. ನಮ್ಮ ಮನೆಗೆ ಬಂದ ಎರಡು ನನ್ನ ಮೇಜಿನ ಮೇಲೆ ಉತ್ತರಪತ್ರಿಕೆಗಳು ಹಾರದಂತೆ ಒತ್ತಿಕೊಂಡು ಕುಳಿತಿವೆ.