ಮಗ್ಗಕ್ಕೂ ಒಂದು ಮನೆ ಬೇಕು

ಸಂಗೊಳ್ಳಿ ಗ್ರಾಮ ತನ್ನ ವೀರ ರಾಯಣ್ಣನನ್ನು ನೆನೆಯುತ್ತದೆ. ಕಿತ್ತೂರಿನ ಕೋಟೆಯಲ್ಲಿ ವಸ್ತು ಸಂಗ್ರಹಾಲಯವಿದೆ. ಇದೇ ಸೀಮೆಯ ನೇಕಾರರ ದುಡಿಮೆಗೆ ಮಾತ್ರ ಅಂಥದ್ದೊಂದು ನೆಲೆಯಿಲ್ಲ.

ರಾಮದುರ್ಗ, ಸುರೇಬಾನದ ಓಣಿಗಳು ಬೆಳೆದದ್ದೇ ಲಾಳಿಯ ಸದ್ದಿನೊಂದಿಗೆ. ಗೋಕಾಕ ಫಾಲ್ಸ್‌ನಲ್ಲಿ 1887ರಲ್ಲೇ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಿತು. ಧಾರವಾಡದ ಬಳಿಯ ಗರಗದಲ್ಲಿ ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯ್ದರು. ಆದರೆ ಕಾಲಕ್ರಮೇಣ ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂತು. 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಸಿಕ್ಕಿತು.

ಕುಣಿಮಗ್ಗ ಮುರಿದರೆ ಹೋಗುವುದು ಕಟ್ಟಿಗೆಯಷ್ಟೇ ಅಲ್ಲ. ಇಳಕಲ್ ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ರೇಷ್ಮೆ ಹಾಸನ್ನು ಕುಣಿಕೆ ಹಾಕಿ ಜೋಡಿಸುವ ಕೈಚಳಕ, ಕಂಡಿಕೆ ಸುತ್ತುವ ಹೆಂಗಸರ ದುಡಿಮೆ, ಬಣ್ಣದ ಲೆಕ್ಕ ಎಲ್ಲವೂ ಹೋಗುತ್ತವೆ. ಇವು ಪುಸ್ತಕದಲ್ಲಿ ಉಳಿಯುವ ವಿದ್ಯೆಯಲ್ಲ, ಕೈಯಿಂದ ಕೈಗೆ ದಾಟುವಂಥವು.

ಅಹಮದಾಬಾದ್ 1949ರಲ್ಲೇ ಜವಳಿಗಾಗಿ ಕ್ಯಾಲಿಕೊ ಸಂಗ್ರಹಾಲಯ ಕಟ್ಟಿಕೊಂಡಿತು. ರಾಮದುರ್ಗಕ್ಕೂ ಒಂದು ನೇಕಾರಿಕೆ ಸಂಗ್ರಹಾಲಯ ಬೇಕು. ಅದು ಗಾಜಿನ ಪೆಟ್ಟಿಗೆಗಳ ಸಾಲಾಗಬಾರದು. ಅಲ್ಲಿ ಮಗ್ಗ ಆಡುತ್ತಿರಬೇಕು, ಹಿರಿಯ ನೇಕಾರರು ಸಂಬಳ ಪಡೆದು ಮಕ್ಕಳಿಗೆ ಕಲಿಸಬೇಕು, ನೇಯ್ದದ್ದು ಅಲ್ಲೇ ಮಾರಾಟವಾಗಬೇಕು. ಕಿತ್ತೂರು, ಸಂಗೊಳ್ಳಿಗೆ ಬರುವ ಪ್ರವಾಸಿಗರ ದಾರಿಗೆ ಇದನ್ನೂ ಸೇರಿಸಬಹುದು.

ಜಿಲ್ಲಾಡಳಿತ ಜಾಗ ಗುರುತಿಸಲಿ. ನೇಕಾರ ಮನೆತನದವರು ಅಟ್ಟದ ಮೇಲಿನ ಹಳೆಯ ಲಾಳಿ, ಹಣಿಗೆಗಳನ್ನು ಒಲೆಗೆ ಹಾಕದೆ ಜೋಪಾನ ಮಾಡಲಿ. ಬಲ್ಲ ಕೈಗಳು ಇರುವಾಗಲೇ ಈ ಕೆಲಸ ಆಗಬೇಕು.